ಅಶ್ವಶಕ್ತಿಯ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬತ್ತುಗಳು

ಫೋರ್ಡ್ ಮಸ್ಟಾಂಗ್ ಜಿಟಿ ಕಾರಿನ 5 ಲೀಟರ್ ವಿ8 ಎಂಜಿನ್ನಿಗೆ ‘ಕೊಯೋಟಿ’ ಎಂದು ಹೆಸರು. ಅದರ ಆಯಿಲ್ ಪಂಪ್ ಇರುವುದು ಎಂಜಿನ್ನಿನ ಮುಂಭಾಗದಲ್ಲಿ, ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲೇ. ಪಂಪಿನ ಒಳಗೆ ಒಂದರೊಳಗೊಂದು ತಿರುಗುವ ಎರಡು ಗೇರುಗಳಿವೆ. ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕಾಯಿಸಿ ಮಾಡಿದ ಗೇರುಗಳು ಅವು. ಎರಡೂ ಸೇರಿ ಅಂಗೈಯಲ್ಲಿ ಹಿಡಿಸುತ್ತವೆ. ಕಾರ್ಖಾನೆಯಿಂದ ಬಂದಂತೆಯೇ ಕಾರು ಓಡಿಸುವವರಿಗೆ ಅವನ್ನು ಬಿಚ್ಚಿ ನೋಡುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಅದೇ ಎಂಜಿನ್ನಿನ ಮೇಲೆ, ಸಿಲಿಂಡರುಗಳಿಗೆ ಹೆಚ್ಚು ಗಾಳಿ ಒತ್ತುವ ಸೂಪರ್‌ಚಾರ್ಜರ್ ಕೂರಿಸಿದರೆ ಮಾತು ಬೇರೆ. ಅದನ್ನು ತಿರುಗಿಸುವ ಬೆಲ್ಟು ಕ್ರ್ಯಾಂಕಿನ ತುದಿಯನ್ನು ಒಂದೇ ಸಮನೆ ಎಳೆಯುತ್ತಿರುತ್ತದೆ. ಹೆಚ್ಚಿದ ಶಕ್ತಿಗೆ ಕ್ರ್ಯಾಂಕು ಇನ್ನಷ್ಟು ತಿರುಚಿಕೊಳ್ಳುತ್ತದೆ. ಚಾಲಕ ಆರ್‌ಪಿಎಂ ಮುಳ್ಳನ್ನು ಪದೇಪದೇ ಗರಿಷ್ಠ ಮಿತಿಗೆ ತಾಗಿಸಿದರಂತೂ ಆ ಅದುರಾಟವೆಲ್ಲ ಹೋಗಿ ಬಡಿಯುವುದು ಈ ಪುಟ್ಟ ಗೇರಿಗೆ. ಗೇರು ಒಡೆದರೆ ಎಣ್ಣೆಯ ಒತ್ತಡ ಸೊನ್ನೆ. ಮುಂದಿನ ಕೆಲವೇ ಸೆಕೆಂಡುಗಳಲ್ಲಿ ಬೇರಿಂಗುಗಳು ಸುಟ್ಟು ಎಂಜಿನ್ ಸೀಜ್ ಆಗುತ್ತದೆ.

ಅಮೆರಿಕದಲ್ಲಿ ಮಸ್ಟಾಂಗ್‌ಗೆ ಸೂಪರ್‌ಚಾರ್ಜರ್ ಹಾಕುವ ಒಳ್ಳೆಯ ಗ್ಯಾರೇಜುಗಳಿಗೆಲ್ಲ ಈ ಸಂಗತಿ ಗೊತ್ತು. ಗಟ್ಟಿ ಉಕ್ಕಿನ ಬಿಲ್ಲೆಯಿಂದ ಕಡೆದ ಗೇರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳ ಬೆಲೆ ಸೂಪರ್‌ಚಾರ್ಜರ್ ಕಿಟ್ಟಿನ ಹತ್ತನೇ ಒಂದು ಭಾಗವೂ ಆಗದು. ಹಾಗಿದ್ದೂ ಕಿಟ್ ಕೊಳ್ಳುವ ಬಹಳಷ್ಟು ಮಂದಿ ಗೇರು ಬದಲಿಸುವುದಿಲ್ಲ. ಎಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಬೇಕು, ಕೂಲಿ ಜಾಸ್ತಿ, ಮೇಲಾಗಿ ಗೇರು ಬದಲಿಸಿದ್ದಕ್ಕೆ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ಸ್ಪೋರ್ಟ್ಸ್ ಕಾರಿಗೆ ಸೂಪರ್‌ಚಾರ್ಜರ್ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆಯೇ ಎಂಬ ಹಳೆಯ ವಾದಕ್ಕೆ ಉತ್ತರ ಇರುವುದು ಈ ಜಾಗದಲ್ಲಿ. ಸೂಪರ್‌ಚಾರ್ಜರ್ ಹಾಕಿಯೂ ಎಂಜಿನ್ನನ್ನು ವರ್ಷಗಟ್ಟಲೆ ಬಾಳಿಸಬಹುದು. ಆದರೆ ಅದಕ್ಕೆ ಬೇಕಾದ ಖರ್ಚೆಲ್ಲ ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಶಕ್ತಿ ಅಳೆಯುವ ಡೈನೋ ಯಂತ್ರದ ಕಾಗದದಲ್ಲಿ ಮೂಡದ ಬಾಬತ್ತುಗಳಿಗೆ ಹೋಗುತ್ತದೆ. ಆ ಖರ್ಚು ಉಳಿಸಿದವರ ಎಂಜಿನ್ನುಗಳು ಒಡೆಯುತ್ತವೆ, ಅಪಖ್ಯಾತಿ ಮಾತ್ರ ಸೂಪರ್‌ಚಾರ್ಜರಿಗೆ ಬರುತ್ತದೆ.

ಸಾಮಾನ್ಯ ಎಂಜಿನ್ ಉಸಿರಾಡುವುದು ವಾತಾವರಣದ ಒತ್ತಡದಲ್ಲಿ. ಸಮುದ್ರಮಟ್ಟದಲ್ಲಿ ಅದು ಚದರ ಅಂಗುಲಕ್ಕೆ 14.7 ಪೌಂಡ್. ಕ್ರ್ಯಾಂಕ್‌ಶಾಫ್ಟಿನಿಂದಲೇ ಬೆಲ್ಟಿನ ಮೂಲಕ ತಿರುಗುವ ಸೂಪರ್‌ಚಾರ್ಜರ್ ಇದರ ಮೇಲೆ ಇನ್ನೊಂದು 6 ಪೌಂಡ್ ಒತ್ತಿತೆಂದರೆ ಕಾಗದದ ಮೇಲೆ ಸಿಲಿಂಡರಿಗೆ ಶೇ 40ರಷ್ಟು ಹೆಚ್ಚು ಗಾಳಿ. ಗಾಳಿ ಹೆಚ್ಚಿದಷ್ಟು ಪೆಟ್ರೋಲ್ ಉರಿಸಬಹುದು, ಪೆಟ್ರೋಲ್ ಹೆಚ್ಚಿದಷ್ಟು ಶಕ್ತಿ. ಟರ್ಬೊದಂತೆ ಹೊಗೆಯ ವೇಗಕ್ಕಾಗಿ ಕಾಯುವ ಗೊಡವೆ ಇಲ್ಲ, ಆಕ್ಸಿಲರೇಟರ್ ತುಳಿದ ಕೂಡಲೇ ಕಾರು ನೆಗೆಯುತ್ತದೆ. ಸ್ಪೋರ್ಟ್ಸ್ ಕಾರಿನ ಮಂದಿಗೆ ಅದರ ಮೇಲೆ ಇಷ್ಟು ಮೋಹ ಇರುವುದು ಇದಕ್ಕೇ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲ ಪಂಪಿನ ಬುಡ ಮುಟ್ಟಿ ನೋಡಿ ಇದನ್ನು ಅರಿತಿರುತ್ತಾರೆ. 30 ಡಿಗ್ರಿಯ ಗಾಳಿ ಸೂಪರ್‌ಚಾರ್ಜರಿನಿಂದ ಹೊರಬರುವಾಗ 75-80 ಡಿಗ್ರಿ ಮುಟ್ಟಿರುವುದು ಸಾಮಾನ್ಯ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ತಣಿಸದೆ ಸಿಲಿಂಡರಿಗೆ ಬಿಟ್ಟರೆ ನಾಕಿಂಗ್ ಶುರುವಾಗುತ್ತದೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡುವುದು ಎಂಜಿನ್ನಿನ ಸರಿಯಾದ ನಡಿಗೆ. ಬಿಸಿ, ಒತ್ತಡ ಎರಡೂ ಮಿತಿ ಮೀರಿದಾಗ, ಬೆಂಕಿ ತಲುಪುವ ಮೊದಲೇ ಕೊನೆಯ ಮೂಲೆಯ ಮಿಶ್ರಣ ತಾನೇ ತಾನಾಗಿ ಸಿಡಿಯುತ್ತದೆ. ಆ ಹೊಡೆತಕ್ಕೆ ಮೊದಲು ಬಲಿಯಾಗುವುದು ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವೆ ಇರುವ ತೆಳು ಅಂಚು. ಆಮೇಲೆ ಪಿಸ್ಟನ್ನಿನ ನೆತ್ತಿ, ಹೆಡ್ ಗ್ಯಾಸ್ಕೆಟ್, ಬೇರಿಂಗು.

ಅನುಭವಿ ಮೆಕ್ಯಾನಿಕ್ ಇದನ್ನು ಎಂಜಿನ್ ಬಿಚ್ಚದೆಯೇ ಪತ್ತೆಹಚ್ಚುತ್ತಾನೆ. ಪ್ಲಗ್ ಕಳಚಿ, ಅದರ ಬಿಳಿಯ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾನೆ. ಪಿಂಗಾಣಿ ತಿಳಿ ಕಂದಾಗಿದ್ದರೆ ಸರಿ. ಅದರ ಮೇಲೆ ಕರಿಯ ಚುಕ್ಕೆಗಳೋ ಬೆಳ್ಳಗೆ ಹೊಳೆಯುವ ನವುರು ಕಣಗಳೋ ಕಂಡರೆ ನಾಕಿಂಗ್ ಆಗಿದೆ ಎಂದೇ ಅರ್ಥ. ಹೊಳೆಯುವ ಕಣಗಳು ಪಿಸ್ಟನ್ನಿನಿಂದ ಎದ್ದು ಬಂದ ಅಲ್ಯೂಮಿನಿಯಂ. ಎಂಜಿನ್ ಇನ್ನೂ ಓಡುತ್ತಿರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಿರುವುದಿಲ್ಲ, ಆದರೆ ಪಿಸ್ಟನ್ ಸವೆಯತೊಡಗಿರುತ್ತದೆ. ಸೂಪರ್‌ಚಾರ್ಜರ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರಿಗೇ ಪ್ಲಗ್ ಕಳಚಿ ನೋಡುವ ಗ್ಯಾರೇಜು ಸಿಕ್ಕಿದರೆ ಕಾರಿನ ಯಜಮಾನ ಪುಣ್ಯವಂತ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ಸೂಪರ್‌ಚಾರ್ಜರ್ ಹಾಕಿದರೆ ರಾಡಿನ ಬೋಲ್ಟ್ ಹರಿಯುತ್ತದೆ ಎನ್ನುವವರು ಬಹಳ. ಬೋಲ್ಟನ್ನು ಎಳೆದು ಹರಿಯುವುದು ಪಿಸ್ಟನ್ನಿನ ಸ್ವಂತ ತೂಕ ಮತ್ತು ವೇಗ. ಆರ್‌ಪಿಎಂ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟಾಗುತ್ತದೆ. ಗರಿಷ್ಠ ಆರ್‌ಪಿಎಂ ಮಿತಿಯನ್ನು ಏರಿಸದಿದ್ದರೆ ಸೂಪರ್‌ಚಾರ್ಜರಿನಿಂದ ಆ ಎಳೆತ ಹೆಚ್ಚುವುದಿಲ್ಲ. ಹೆಚ್ಚುವುದು ಉರಿಯುವ ಅನಿಲ ಪಿಸ್ಟನ್ನನ್ನು ಕೆಳಕ್ಕೆ ಒತ್ತುವ ಭಾರ, ಅದೂ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ. ಆ ಭಾರಕ್ಕೆ ತೆಳು ರಾಡು ಬಾಗುತ್ತದೆ. ಹಾಗಾಗಿ ಆರನೇ ಗೇರಿನಲ್ಲಿ, 1,800 ಆರ್‌ಪಿಎಂನಲ್ಲಿ ಕಾಲು ಪೂರ್ತಿ ಊರುವುದು ಬಿಟ್ಟು ಒಂದೆರಡು ಗೇರು ಇಳಿಸಿಕೊಂಡು ಓಡಿಸುವವನ ಎಂಜಿನ್ ಹೆಚ್ಚು ದಿನ ಬಾಳುತ್ತದೆ. ಪ್ರತಿ ಕಿಟ್ಟಿನ ಕೈಪಿಡಿಯಲ್ಲೂ ಇದನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು.

ಕಾರು ತಯಾರಿಸುವ ಕಂಪನಿಗಳೇ ತಮ್ಮ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿದಾಗ ಏನೇನು ಬದಲಿಸಿದವು ಎಂದು ನೋಡಿದರೆ ವಾದಕ್ಕೆ ಆಧಾರ ಸಿಗುತ್ತದೆ. ಶೆವ್ರೊಲೆ ಕಾರ್ವೆಟ್‌ನ 6.2 ಲೀಟರ್ ಎಲ್‌ಎಸ್3 ಎಂಜಿನ್ 430 ಅಶ್ವಶಕ್ತಿಯದು, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಕುಗ್ಗುವ ಅನುಪಾತ, 10.7:1. ಅದು ಹೆಚ್ಚಿದಷ್ಟು ನಾಕಿಂಗ್ ಅಪಾಯ ಹೆಚ್ಚು. ಅದೇ ಗಾತ್ರದ ಎಂಜಿನ್ನಿಗೆ 2009ರ ಝಡ್‌ಆರ್1 ಕಾರಿಗಾಗಿ ಸೂಪರ್‌ಚಾರ್ಜರ್ ಹಾಕಿ ಎಲ್‌ಎಸ್9 ಎಂದು ಹೆಸರಿಟ್ಟಾಗ ಶಕ್ತಿ 638ಕ್ಕೆ ಏರಿತು. ಆ ಇನ್ನೂರು ಚಿಲ್ಲರೆ ಅಶ್ವಶಕ್ತಿಗಾಗಿ ಜನರಲ್ ಮೋಟಾರ್ಸ್ ಕಂಪ್ರೆಷನ್ನನ್ನು 9.1:1ಕ್ಕೆ ಇಳಿಸಿತು. ಪಿಸ್ಟನ್‌ಗಳನ್ನು ಫೋರ್ಜ್ ಮಾಡಿಸಿತು, ರಾಡುಗಳನ್ನು ಟೈಟಾನಿಯಂನಲ್ಲಿ ಮಾಡಿಸಿತು, ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸುವ ನಳಿಕೆಗಳನ್ನಿಟ್ಟಿತು, ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಡುವ ಡ್ರೈ ಸಂಪ್ ವ್ಯವಸ್ಥೆ ಮಾಡಿತು. ಟೊಯೊಟಾ ಎಂಆರ್2 ಕಾರಿನ 1.6 ಲೀಟರ್ ಎಂಜಿನ್ನಿಗೆ 1980ರ ದಶಕದಲ್ಲಿ ಸೂಪರ್‌ಚಾರ್ಜರ್ ಬಂದಾಗ ಕಂಪ್ರೆಷನ್ 9.4ರಿಂದ 8ಕ್ಕೆ ಇಳಿದಿತ್ತು. ಜಾಗ್ವಾರ್‌ನ 5 ಲೀಟರ್ ವಿ8ನಲ್ಲಿ 11.5ರಿಂದ 9.5ಕ್ಕೆ. ದುಡ್ಡು ಉಳಿಸುವುದರಲ್ಲಿ ಕಾರ್ಖಾನೆಗಳು ಯಾರಿಗೂ ಕಡಿಮೆ ಇಲ್ಲ. ಅವೇ ಇಷ್ಟೆಲ್ಲ ಬದಲಿಸಿವೆ ಎಂದರೆ ಬದಲಿಸಲೇಬೇಕಾಗಿತ್ತು ಎಂದರ್ಥ.

ಹಾಗಾದರೆ ಇದೇನನ್ನೂ ಮಾಡದೆ, 12:1 ಕಂಪ್ರೆಷನ್ ಇರುವ 2018ರ ಮಸ್ಟಾಂಗ್ ಎಂಜಿನ್ನಿನ ಮೇಲೆ ಕಿಟ್ ಕೂರಿಸಿ 460 ಇದ್ದದ್ದನ್ನು 700 ಮಾಡುತ್ತೇವೆ ಎನ್ನುವವರನ್ನು ನಂಬುವುದು ಹೇಗೆ? ಇಲ್ಲಿ ಲೋಟಸ್ ಕಂಪನಿಯ ಉದಾಹರಣೆ ನೋಡಬೇಕು. ಇಂಗ್ಲೆಂಡಿನ ಈ ಪುಟ್ಟ ಕಂಪನಿ ತನ್ನ ಎಕ್ಸೀಜ್ ಕಾರಿಗೆ ಟೊಯೊಟಾದಿಂದ 1.8 ಲೀಟರ್ ಎಂಜಿನ್ ತರಿಸಿಕೊಳ್ಳುತ್ತಿತ್ತು. 2006ರ ಎಕ್ಸೀಜ್ ಎಸ್‌ಗೆ ಸೂಪರ್‌ಚಾರ್ಜರ್ ಹಾಕಿದಾಗ 11.5:1 ಕಂಪ್ರೆಷನ್ನನ್ನು ಇಳಿಸಲೇ ಇಲ್ಲ. ಶಕ್ತಿ 189ರಿಂದ 218ಕ್ಕೆ ಏರಿತು, ಅಷ್ಟೇ. ಆ ಇಪ್ಪತ್ತೊಂಬತ್ತು ಅಶ್ವಶಕ್ತಿಗಾಗಿ ಅವರು ಛಾವಣಿಯ ಗಾಳಿಗಿಂಡಿಯಿಂದ ಗಾಳಿ ಹಾಯುವಂತೆ ಎಂಜಿನ್ ಮೇಲೆ ಇಂಟರ್‌ಕೂಲರ್ ಮಲಗಿಸಿದರು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣುವ ಬದಲು ಇಂಟರ್‌ಕೂಲರ್ ಕಾಣುವಂತಾಯಿತು. ಗ್ರಾಹಕರಿಗೆ ಹಿಂದಿನ ನೋಟ ಮರೆಯಾದರೂ ಪರವಾಗಿಲ್ಲ, ಗಾಳಿ ತಣ್ಣಗಿರಬೇಕು ಎಂದು ಆ ಎಂಜಿನಿಯರ್‌ಗಳು ತೀರ್ಮಾನಿಸಿದ್ದರು. ಮುಂದೆ ಎವೊರಾ ಎಸ್ ಕಾರಿನಲ್ಲೂ ಹೀಗೇ ಆಯಿತು. ಕ್ಯಾಮ್ರಿಯಂಥ ಕುಟುಂಬದ ಕಾರಿನಲ್ಲಿ ಬಳಕೆಯಾದ ಟೊಯೊಟಾದ 3.5 ಲೀಟರ್ ವಿ6 ಎಂಜಿನ್ನಿನ ಒಳಭಾಗಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡು, ಸೂಪರ್‌ಚಾರ್ಜರಿನಿಂದ 276 ಇದ್ದದ್ದನ್ನು 345ಕ್ಕೆ ಏರಿಸಿದರು. ಏರಿಕೆ ನಾಲ್ಕನೇ ಒಂದು ಭಾಗ. ಎಂಜಿನ್ ಬಿಚ್ಚದೆ ಸೂಪರ್‌ಚಾರ್ಜರ್ ಹಾಕಬಹುದು, ಆದರೆ ಆಸೆ ಮಿತಿಯಲ್ಲಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕಾರ್ಖಾನೆ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದೂ ಅಲ್ಲ. 2015ರ ಕಾರ್ವೆಟ್ ಝಡ್06 ಕಾರಿಗೆ 650 ಅಶ್ವಶಕ್ತಿಯ ಸೂಪರ್‌ಚಾರ್ಜ್ ಎಂಜಿನ್. ರೇಸ್ ಟ್ರ್ಯಾಕಿಗೆಂದೇ ಹುಟ್ಟಿದ ಕಾರು ಎಂದು ಅದನ್ನು ಮಾರಲಾಯಿತು. ಟ್ರ್ಯಾಕಿಗೆ ಇಳಿದ ಮಾಲೀಕರು ಕೆಲವು ಸುತ್ತು ಹೊಡೆಯುವಷ್ಟರಲ್ಲಿ ಎಂಜಿನ್ ಕಾದು, ಕಾರು ತಾನಾಗಿಯೇ ಶಕ್ತಿ ಇಳಿಸಿಕೊಳ್ಳುತ್ತಿತ್ತು. 2017ರಲ್ಲಿ ಫ್ಲಾರಿಡಾದ ನ್ಯಾಯಾಲಯದಲ್ಲಿ ಮಾಲೀಕರು ದಾವೆ ಹೂಡಿದರು. ಅಷ್ಟರಲ್ಲಿ ಕಂಪನಿ 2017ರ ಮಾದರಿಗೆ ಬಾನೆಟ್ಟಿನ ಗಾಳಿಗಿಂಡಿಗಳನ್ನು ದೊಡ್ಡದು ಮಾಡಿ, ಸೂಪರ್‌ಚಾರ್ಜರಿನ ಮುಚ್ಚಳವನ್ನೂ ಬದಲಿಸಿತ್ತು. ಅಷ್ಟು ದೊಡ್ಡ ಕಂಪನಿಗೇ ಕೈಕೊಟ್ಟದ್ದು ಶಾಖ. ಮೂಲೆಯ ಗ್ಯಾರೇಜಿನಲ್ಲಿ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡು ಕಿಟ್ ಕೂರಿಸುವವರು ಈ ಪ್ರಕರಣವನ್ನು ಮತ್ತೆ ಮತ್ತೆ ಓದಬೇಕು.

ಸೂಪರ್‌ಚಾರ್ಜರ್ ಬೇಕೇ ಬೇಡವೇ ಎಂಬ ಜಗಳ ಹೊಸದೇನಲ್ಲ. 1920ರ ದಶಕದ ಕೊನೆಯಲ್ಲಿ ಬೆಂಟ್ಲಿ ಕಂಪನಿಯಲ್ಲೇ ಇದು ನಡೆದಿತ್ತು. ರೇಸ್ ಚಾಲಕ ಟಿಮ್ ಬರ್ಕಿನ್‌ಗೆ ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಸೂಪರ್‌ಚಾರ್ಜರ್ ಹಾಕಲೇಬೇಕೆಂಬ ಹಟ. ಕಂಪನಿಯ ಸ್ಥಾಪಕ ಡಬ್ಲ್ಯು.ಒ. ಬೆಂಟ್ಲಿ ಅವರಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ಶಕ್ತಿ ಬೇಕಿದ್ದರೆ ಎಂಜಿನ್ನನ್ನೇ ದೊಡ್ಡದು ಮಾಡೋಣ, ಬಲವಂತವಾಗಿ ಗಾಳಿ ತುರುಕುವುದು ವಿನ್ಯಾಸವನ್ನೇ ಕೆಡಿಸುತ್ತದೆ ಎಂಬುದು ಅವರ ನಿಲುವು. ಬರ್ಕಿನ್ ಬೇರೆಡೆಯಿಂದ ಹಣ ಹೊಂದಿಸಿಕೊಂಡರು. ಶ್ರೀಮಂತ ಮಹಿಳೆ ಡೊರೊಥಿ ಪ್ಯಾಜೆಟ್ ಬೆನ್ನಿಗೆ ನಿಂತರು, ಆಮ್ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರ್ ಸೂಪರ್‌ಚಾರ್ಜರ್ ರೂಪಿಸಿದರು. ಅದನ್ನು ಕ್ರ್ಯಾಂಕ್‌ಶಾಫ್ಟಿನ ತುದಿಗೇ ಜೋಡಿಸಿ, ರೇಡಿಯೇಟರಿನ ಮುಂದೆ ಹೊರಕ್ಕೆ ಚಾಚುವಂತೆ ಕೂರಿಸಲಾಯಿತು. ರೇಸಿಗೆ ಸಜ್ಜಾದ ಕಾರು 240 ಅಶ್ವಶಕ್ತಿ ಕೊಡುತ್ತಿತ್ತು. ಸೂಪರ್‌ಚಾರ್ಜರ್ ಇಲ್ಲದ ರೇಸ್ ಕಾರಿನದು 130.

1930ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಬರ್ಕಿನ್ ಸೂಪರ್‌ಚಾರ್ಜ್ ಬೆಂಟ್ಲಿಯಲ್ಲಿ ರುಡಾಲ್ಫ್ ಕಾರಚಿಯೋಲರ ಮರ್ಸಿಡಿಸನ್ನು ಬೆನ್ನಟ್ಟಿದ ರೀತಿ ಇವತ್ತಿಗೂ ದಂತಕಥೆ. ಆದರೆ ಓಡಿದ ಎರಡೂ ಸೂಪರ್‌ಚಾರ್ಜ್ ಬೆಂಟ್ಲಿಗಳು ಎಂಜಿನ್ ಕೆಟ್ಟು ರೇಸಿನಿಂದ ಹೊರಬಿದ್ದವು. ಮರ್ಸಿಡಿಸ್ ಕೂಡ ಕೊನೆ ಮುಟ್ಟಲಿಲ್ಲ. ಗೆದ್ದದ್ದು ಡಬ್ಲ್ಯು.ಒ. ಅವರ ಸ್ಪೀಡ್ ಸಿಕ್ಸ್: ಆರೂವರೆ ಲೀಟರಿನ, ಸೂಪರ್‌ಚಾರ್ಜರ್ ಇಲ್ಲದ ಕಾರು. ಎರಡನೇ ಸ್ಥಾನವೂ ಅದೇ ಮಾದರಿಗೆ. ಹಿಂದಿನ ವರ್ಷ ಅದೇ ಸ್ಪೀಡ್ ಸಿಕ್ಸ್ ಓಡಿಸಿ ಗೆದ್ದವರಲ್ಲಿ ಬರ್ಕಿನ್ನರೂ ಒಬ್ಬರಾಗಿದ್ದರು. ಕೆಲವೇ ತಿಂಗಳ ನಂತರ ಪಾವ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ ಸೂಪರ್‌ಚಾರ್ಜ್ ಬೆಂಟ್ಲಿಯಲ್ಲೇ ಎರಡನೆಯವರಾಗಿ ಬಂದರು. ಕೆಲವು ಗಂಟೆಗಳ ರೇಸಿಗೆ ತಾಳಿದ ಎಂಜಿನ್ ಇಪ್ಪತ್ತನಾಲ್ಕು ಗಂಟೆ ತಾಳಲಿಲ್ಲ. ಬಾಳಿಕೆಯ ಮಾತಾಡುವಾಗ ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಆ ಪ್ರಶ್ನೆಯನ್ನು ಅತ್ಯಂತ ಶಿಸ್ತಿನಿಂದ ಕೇಳಿದವರು ಯುದ್ಧವಿಮಾನದ ಎಂಜಿನಿಯರ್‌ಗಳು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ 27 ಲೀಟರಿನ ಸೂಪರ್‌ಚಾರ್ಜ್ ಎಂಜಿನ್. 87 ಆಕ್ಟೇನ್ ಪೆಟ್ರೋಲಿನಲ್ಲಿ ಅದಕ್ಕೆ ಆರೂಕಾಲು ಪೌಂಡ್ ಒತ್ತಡದ ಮಿತಿ ಇತ್ತು. 1940ರಲ್ಲಿ 100 ಆಕ್ಟೇನ್ ಪೆಟ್ರೋಲ್ ಬಂದಾಗ ತುರ್ತು ಸಂದರ್ಭದಲ್ಲಿ 12 ಪೌಂಡ್‌ವರೆಗೆ ಏರಿಸಲು ಅನುಮತಿ ಸಿಕ್ಕಿತು. ಶಕ್ತಿ 1,030ರ ಆಸುಪಾಸಿನಿಂದ 1,310ಕ್ಕೆ ನೆಗೆಯಿತು. ಎಂಜಿನ್ ಅದೇ, ಬದಲಾದದ್ದು ಮುಖ್ಯವಾಗಿ ಇಂಧನ. ಆದರೆ ಆ ಅನುಮತಿ ಐದು ನಿಮಿಷಕ್ಕೆ ಮಾತ್ರ. ಪೈಲಟ್ ಅದನ್ನು ಬಳಸಿದರೆ ಇಳಿದ ಮೇಲೆ ವರದಿ ಮಾಡಬೇಕಿತ್ತು, ಎಂಜಿನ್ನಿನ ಲಾಗ್ ಪುಸ್ತಕದಲ್ಲಿ ಅದು ದಾಖಲಾಗಬೇಕಿತ್ತು. ಪ್ರಾಣದ ಪ್ರಶ್ನೆ ಎದುರಿಗಿದ್ದ ಕಾಲದಲ್ಲೂ ಎಂಜಿನ್ನಿಗೆ ಬಿದ್ದ ಹೆಚ್ಚುವರಿ ಭಾರದ ಲೆಕ್ಕ ಬರೆದಿಡುತ್ತಿದ್ದರು. ವಾರಾಂತ್ಯದ ಮೋಜಿಗೆ ಓಡುವ ಕಾರಿಗೆ ಆ ಮಟ್ಟದ ಪುಸ್ತಕ ಬೇಡ, ಆದರೆ ಲೆಕ್ಕವೇ ಬೇಡ ಎನ್ನುವುದು ಸರಿಯಲ್ಲ.

ಸೂಪರ್‌ಚಾರ್ಜರ್ ಹಾಕಿದವರನ್ನು ಕಾಡುವ ಮುಂದಿನ ಆಸೆ ಪುಲ್ಲಿಯದು. ಸೂಪರ್‌ಚಾರ್ಜರಿನ ಪುಲ್ಲಿ ಚಿಕ್ಕದಾದಷ್ಟು ಅದು ವೇಗವಾಗಿ ತಿರುಗುತ್ತದೆ, ಒತ್ತಡ ಏರುತ್ತದೆ. ಒಂದು ಮಧ್ಯಾಹ್ನದ ಕೆಲಸ, ಖರ್ಚು ಅಲ್ಪ, ಏರಿಕೆ ಕೂಡಲೇ ಗೊತ್ತಾಗುತ್ತದೆ. ಬಿಎಂಡಬ್ಲ್ಯು ಒಡೆತನದ ಮಿನಿಯ ಹಳೆಯ ಕೂಪರ್ ಎಸ್ ಕಾರಿನಲ್ಲಿ (2002-06) ಶೇ 15 ಚಿಕ್ಕದಾದ ಪುಲ್ಲಿ ಹಾಕುವುದು ವಾಡಿಕೆಯೇ ಆಗಿಹೋಗಿದೆ. ಆದರೆ ಆ ಕಾರಿನಲ್ಲಿರುವಂಥ ರೂಟ್ಸ್ ಮಾದರಿಯ ಸೂಪರ್‌ಚಾರ್ಜರನ್ನು ಅದರ ಮಿತಿಯಾಚೆ ತಿರುಗಿಸಿದರೆ ಒತ್ತಡಕ್ಕಿಂತ ಶಾಖವೇ ಹೆಚ್ಚು ಹುಟ್ಟುತ್ತದೆ. ಆ ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಎಂಜಿನ್ನಿನ ವಾಟರ್ ಪಂಪನ್ನು ತಿರುಗಿಸುವುದೂ ಸೂಪರ್‌ಚಾರ್ಜರೇ. ಅದರೊಳಗಿನ ಗೇರುಗಳಿಗೆ ಸ್ವಂತದ್ದೊಂದು ಎಣ್ಣೆ ಉಂಟು. ಆಜೀವ ಸಾಕಾಗುತ್ತದೆ ಎಂದು ತುಂಬಿದ ಆ ಎಣ್ಣೆ ವರ್ಷಗಳು ಕಳೆದಂತೆ ಬತ್ತುತ್ತದೆ. ಬತ್ತಿದರೆ ಗೇರು ತಿಂದುಹೋಗುತ್ತದೆ, ವಾಟರ್ ಪಂಪ್ ನಿಲ್ಲುತ್ತದೆ, ಎಂಜಿನ್ ಕಾದು ಕೆಡುತ್ತದೆ. ಬೇಕಾದದ್ದು ಹೊಸ ಎಣ್ಣೆ ಮತ್ತು ಅದನ್ನು ಬದಲಿಸಲು ಸೂಪರ್‌ಚಾರ್ಜರ್ ಬಿಚ್ಚುವ ತಾಳ್ಮೆ. ಬಾಳಿಕೆಯ ಬಹುಪಾಲು ಕೆಲಸ ಇಂಥದ್ದೇ.

ಭಾರತದಲ್ಲಿ, ಅದರಲ್ಲೂ ಬೆಂಗಳೂರಿನ ರಸ್ತೆಗಳಲ್ಲಿ, ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಹೆಚ್ಚುತ್ತಿದೆ, ವಿದೇಶಿ ಕಿಟ್ಟುಗಳ ವಿಡಿಯೊ ನೋಡುವ ಯುವಕರೂ ಹೆಚ್ಚುತ್ತಿದ್ದಾರೆ. ಅವರು ಗಮನಿಸಲೇಬೇಕಾದ ಸಂಗತಿ ಪೆಟ್ರೋಲಿನದು. ಅಮೆರಿಕದ ಬಂಕಿನ ಮೇಲೆ 93 ಎಂದು ಬರೆದಿದ್ದರೆ ಅದು ಭಾರತದಲ್ಲಿ ಮೊದಲಿದ್ದ 91ಕ್ಕಿಂತ ಎರಡೇ ಅಂಕ ಹೆಚ್ಚು ಎಂದುಕೊಳ್ಳಬಾರದು. ಎರಡೂ ದೇಶಗಳಲ್ಲಿ ಆಕ್ಟೇನ್ ಅಳೆಯುವ ಕ್ರಮ ಬೇರೆ. ಅಲ್ಲಿನ 93 ಇಲ್ಲಿನ ಲೆಕ್ಕದಲ್ಲಿ ಸುಮಾರು 98 ಆಗುತ್ತದೆ. ಇಲ್ಲಿನ 91 ಅಲ್ಲಿನ ಲೆಕ್ಕದಲ್ಲಿ ಸುಮಾರು 87, ಅಂದರೆ ಅಲ್ಲಿನ ಅತಿ ಸಾಧಾರಣ ಪೆಟ್ರೋಲ್. ಫೋರ್ಡ್ 2016ರಲ್ಲಿ ಭಾರತಕ್ಕೆ ತಂದ ಮಸ್ಟಾಂಗ್ ಜಿಟಿಯೇ ಇಲ್ಲಿ 395 ಅಶ್ವಶಕ್ತಿಯದಾಗಿತ್ತು, ಅಮೆರಿಕದಲ್ಲಿ ಅದೇ ಎಂಜಿನ್ 435 ಕೊಡುತ್ತಿತ್ತು. ಈಗ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿರುವುದು ನಾಕಿಂಗ್ ದೃಷ್ಟಿಯಿಂದ ಒಳ್ಳೆಯದೇ. ಆದರೆ ಎಥೆನಾಲ್ ಬೆರೆತಷ್ಟು ಹೆಚ್ಚು ಇಂಧನ ಚಿಮ್ಮಿಸಬೇಕು. ಇಂಜೆಕ್ಟರುಗಳು ಮೊದಲೇ ತಮ್ಮ ಮಿತಿಯ ಹತ್ತಿರ ಇದ್ದರೆ ಏರಿದ ಆರ್‌ಪಿಎಂನಲ್ಲಿ ಇಂಧನ ಸಾಲದೆ ಪಿಸ್ಟನ್ ಕರಗುತ್ತದೆ. ಹೀಗಾಗಿ ಪೆನ್‌ಡ್ರೈವಿನಲ್ಲಿ ಬಂದ ಅಮೆರಿಕದ ಟ್ಯೂನಿಂಗ್ ಕಡತವನ್ನು (ಎಷ್ಟು ಇಂಧನ, ಯಾವಾಗ ಸ್ಪಾರ್ಕ್ ಎಂಬ ಎಂಜಿನ್ ಕಂಪ್ಯೂಟರಿನ ಲೆಕ್ಕವನ್ನು) ಇಲ್ಲಿನ ಕಾರಿಗೆ ನೇರವಾಗಿ ಹಾಕುವುದು ಎಂಜಿನ್ನಿಗೆ ಮಾಡುವ ದ್ರೋಹ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಭಾಗ ಕಡಿಮೆ. ಇಲ್ಲಿ ತಾಳಿಕೊಂಡ ಟ್ಯೂನಿಂಗ್ ಘಾಟಿ ಇಳಿದು ಕರಾವಳಿಯ ಸೆಕೆಗೆ ಹೋದಾಗಲೂ ತಾಳುತ್ತದೆಯೇ ಎಂದು ಅಳೆದೇ ನೋಡಬೇಕು.

ಕಾನೂನಿನ ಮಾತು ಇನ್ನೂ ಕಟುವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತವಾದಾಗ ಕ್ಲೇಮಿಗೆ ಕುತ್ತು ತರಬಹುದು. ಆಸೆ ಬಲವಾಗಿದ್ದರೆ ಟ್ರ್ಯಾಕಿಗೆಂದೇ ಮೀಸಲಾದ ಕಾರಿಗೆ ಹಾಕಿಸಿಕೊಂಡು ಕೊಯಮತ್ತೂರಿನದೋ ಚೆನ್ನೈನದೋ ಟ್ರ್ಯಾಕಿನಲ್ಲಿ ತೀರಿಸಿಕೊಳ್ಳುವುದು ಮೇಲು.

ಅಮೆರಿಕದಲ್ಲಿ ಗ್ರಾಹಕನಿಗೆ ಒಂದಷ್ಟು ರಕ್ಷಣೆ ಇದೆ. ಹೊರಗಿನ ಬಿಡಿಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದುಮಾಡುವಂತಿಲ್ಲ ಎಂಬ ನಿಯಮ ಅಲ್ಲಿನ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯಲ್ಲಿದೆ. ಕೆಟ್ಟದ್ದು ಆ ಬಿಡಿಭಾಗದಿಂದಲೇ ಎಂದು ತೋರಿಸುವ ಹೊಣೆ ಕಂಪನಿಯದು. ಸೂಪರ್‌ಚಾರ್ಜರ್ ಹಾಕಿದ ಕಾರಿನಲ್ಲಿ ಪಿಸ್ಟನ್ ಒಡೆದರೆ ಅದನ್ನು ತೋರಿಸುವುದು ಕಂಪನಿಗೆ ಕಷ್ಟವೇನಲ್ಲ, ಹಾಗಾಗಿ ಈ ಕಾಯ್ದೆಯನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಕಿಟ್ ತಯಾರಕರೇ ಕೊಡುವ ವಾರಂಟಿ. ಮಸ್ಟಾಂಗ್ ಕಿಟ್ಟುಗಳಿಗೆ ಹೆಸರಾದ ರೌಶ್ ಕಂಪನಿ, ಅಧಿಕೃತ ಜಾಗದಲ್ಲಿ ಕೂರಿಸಿದ 700 ಅಶ್ವಶಕ್ತಿಯ ಕಿಟ್ಟಿಗೆ ಮೂರು ವರ್ಷ ಅಥವಾ 36,000 ಮೈಲಿಯ ಸೀಮಿತ ವಾರಂಟಿ ಕೊಟ್ಟಿದೆ. ತನ್ನ ಹಣ ಪಣಕ್ಕಿಟ್ಟ ಕಂಪನಿ ಟ್ಯೂನಿಂಗ್ ವಿಷಯದಲ್ಲಿ ಜಾಗರೂಕವಾಗಿರುತ್ತದೆ. ಆ ವಾರಂಟಿ ಇರುವಾಗಲೇ ಪುಲ್ಲಿ ಚಿಕ್ಕದು ಮಾಡಿ, ಬೇರೆಯವರ ಟ್ಯೂನಿಂಗ್ ಹಾಕಿಸಿಕೊಂಡವರಿಗೆ ಆಮೇಲೆ ದೂರುವ ಹಕ್ಕಿಲ್ಲ.

ಒಟ್ಟು ಲೆಕ್ಕ ಹೀಗಿದೆ. ಎಂಜಿನ್ ಆರೋಗ್ಯವಾಗಿರಬೇಕು, ಕಂಪ್ರೆಷನ್ ಪರೀಕ್ಷೆಯಲ್ಲೂ ಗಾಳಿಯ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆಯಲ್ಲೂ ಎಲ್ಲ ಸಿಲಿಂಡರುಗಳೂ ಸಮನಾಗಿರಬೇಕು. ಒಂದು ಸಿಲಿಂಡರ್ ಹಿಂದೆ ಬಿದ್ದಿದ್ದರೂ ಸೂಪರ್‌ಚಾರ್ಜರ್ ಮಾತು ಬಿಡಬೇಕು, ಏಕೆಂದರೆ ಇದ್ದ ರೋಗವನ್ನು ಅದು ಬೇಗ ಬಯಲಿಗೆ ತರುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಒಳಗೆ ಕೈಹಾಕದ ಎಂಜಿನ್ನಿಗೆ ಲೋಟಸ್ ಏರಿಸಿದಷ್ಟು, ಅಂದರೆ ಕಾಲುಭಾಗದ ಆಸುಪಾಸಿನ ಏರಿಕೆ ಸಾಕು. ಅದರಾಚೆಗೆ ಹೋಗುವವರು ಪಿಸ್ಟನ್, ರಾಡುಗಳ ಖರ್ಚನ್ನು ಮೊದಲೇ ತೆಗೆದಿರಿಸಬೇಕು. ಮೊದಲ ಹಣ ತಂಪಿಗೆ, ಎಣ್ಣೆಗೆ, ಇಂಧನದ ಪಂಪಿಗೆ, ಶಾಖವನ್ನು ಬೇಗ ಹೊರಹಾಕುವ, ಎಂಜಿನ್ನಿಗೆ ತಕ್ಕ ‘ತಣ್ಣನೆಯ’ ಪ್ಲಗ್ಗಿಗೆ. ಹೆಚ್ಚಿದ ವೇಗಕ್ಕೆ ಬ್ರೇಕೂ ಬೇಕು, ಕ್ಲಚ್ಚೂ ಬೇಕು. ಎಣ್ಣೆ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸುವುದು ಇವೆಲ್ಲದಕ್ಕಿಂತ ಅಗ್ಗದ ವಿಮೆ.

ಕಿಟ್ ಮಾರುವವರೂ ಟ್ಯೂನಿಂಗ್ ಮಾಡುವವರೂ ಗರಿಷ್ಠ ಅಶ್ವಶಕ್ತಿಯ ಒಂದೇ ಅಂಕಿ ತೋರಿಸಿ ವ್ಯಾಪಾರ ಮಾಡುವ ಪದ್ಧತಿ ನಿಲ್ಲಬೇಕು. ಯಾವ ಆಕ್ಟೇನಿನ ಪೆಟ್ರೋಲಿನಲ್ಲಿ, ಹೊರಗೆ ಎಷ್ಟು ಸೆಕೆ ಇದ್ದಾಗ, ಸಿಲಿಂಡರಿಗೆ ಹೋಗುವ ಗಾಳಿ ಎಷ್ಟು ಬಿಸಿ ಇದ್ದಾಗ, ಎಷ್ಟು ನಿಮಿಷ ಆ ಶಕ್ತಿ ಸಿಕ್ಕಿತು, ನಾಕ್ ಸೆನ್ಸರ್ ಎಷ್ಟು ಸಲ ಸ್ಪಾರ್ಕನ್ನು ಹಿಂದಕ್ಕೆ ಎಳೆಯಿತು ಎಂಬುದೆಲ್ಲ ಲಾಗ್ ಕಡತದಲ್ಲಿ ದಾಖಲಾಗಿರುತ್ತದೆ. ಗ್ರಾಹಕ ಕೇಳಿದರೆ ಅದನ್ನು ಮುದ್ರಿಸಿ ಕೊಡಲು ಐದು ನಿಮಿಷ ಸಾಕು. ಕೇಳಿ ಪಡೆಯಿರಿ. ಕೊಡಲು ಒಪ್ಪದ ಗ್ಯಾರೇಜಿಗೆ ಕಾರಿನ ಕೀ ಕೊಡಬೇಡಿ.